ಬೇಸಿಗೆಯ ಮಡುವಿನಲ್ಲಿ ಉಳಿದ ಜೀವಗಳು

ಫಾಲ್ಗುಣ ಕಾಲಿಡುತ್ತಿದ್ದಂತೆ ಮಲೆನಾಡಿನ ಹಳ್ಳಗಳ ಸದ್ದು ಅಡಗುತ್ತದೆ. ಮಳೆಗಾಲದಲ್ಲಿ ದಾಟಲು ಅಂಜಿಕೆ ಹುಟ್ಟಿಸುತ್ತಿದ್ದ ಹೊಳೆ ಬಂಡೆಗಳ ನಡುವಿನ ಸಣ್ಣ ಗೆರೆಯಾಗುತ್ತದೆ. ಚೈತ್ರ ವೈಶಾಖಗಳ ಹೊತ್ತಿಗೆ ಆ ಗೆರೆಯೂ ಕಡಿದು ಅಲ್ಲೊಂದು ಇಲ್ಲೊಂದು ಮಡು ಮಾತ್ರ ಉಳಿಯುತ್ತದೆ. ಹೊಳೆಮತ್ತಿ, ಹೊಂಗೆ, ನೇರಳೆ, ವಾಟೆಗಳ ನೆರಳಿನಲ್ಲಿ ತಂಪಾಗಿ ನಿಂತ ಆ ಒಂದಿಷ್ಟು ನೀರಿನಲ್ಲಿ ಮೈಲುಗಟ್ಟಲೆ ಹಳ್ಳದ ಜೀವಸಂಕುಲವೆಲ್ಲ ಸೇರಿಕೊಂಡಿರುತ್ತದೆ. ಮುಂದಿನ ಮಳೆಗಾಲಕ್ಕೆ ಹಳ್ಳವನ್ನು ಮತ್ತೆ ತುಂಬಬೇಕಾದ ಬೀಜವೇ ಅದು. ಅಡಿಕೆಯೋ ಭತ್ತವೋ ಆಗಿದ್ದರೆ ಬೀಜಕ್ಕೆಂದು ಇಟ್ಟುಕೊಂಡದ್ದನ್ನು ಯಾವ ರೈತನೂ ಮುಟ್ಟುವುದಿಲ್ಲ. ಹಳ್ಳದ ಬೀಜಕ್ಕೆ ಮಾತ್ರ ಆ ಮರ್ಯಾದೆ ಇಲ್ಲವಾಗಿದೆ. ಒಂದು ಪೊಟ್ಟಣ ಬ್ಲೀಚಿಂಗ್ ಪುಡಿ, ಒಂದು ತೋಟೆ, ಒಂದು ಬ್ಯಾಟರಿಯ ತಂತಿ ಸಾಕು. ಒಂದು ಸಂಜೆಯೊಳಗೆ ಎಲ್ಲವೂ ಮುಗಿದುಹೋಗುತ್ತದೆ.

ವನ್ಯಜೀವಿಗಳೆಂದರೆ ಹುಲಿ, ಆನೆ, ಕಾಟಿಗಳೆಂದೇ ನಮ್ಮ ಮನಸ್ಸಿನಲ್ಲಿ ನೆಲೆಸಿದೆ. ಸಂರಕ್ಷಣೆಯ ಮಾತು ಬಂದಾಗಲೂ ಬೆಳೆ ಹಾನಿಯ ಮಾತು ಬಂದಾಗಲೂ ಚರ್ಚೆ ಇವುಗಳ ಸುತ್ತಲೇ ತಿರುಗುತ್ತದೆ. ಆದರೆ ನಮ್ಮ ಮನೆಯ ಹಿಂದಿನ ತೋಡಿನಲ್ಲಿ, ತೋಟದ ಕೆಳಗಿನ ಹಳ್ಳದಲ್ಲಿ, ಕಾನಿನ ಜಡ್ಡಿಯಲ್ಲಿ ಬದುಕುವ ಅಂಗೈಯಷ್ಟು, ಬೆರಳಿನಷ್ಟು, ಉಗುರಿನಷ್ಟು ಗಾತ್ರದ ಜೀವಿಗಳೂ ವನ್ಯಜೀವಿಗಳೇ. ಅವು ಬೆಳೆಯನ್ನು ತುಳಿಯುವುದಿಲ್ಲ, ದಾರಿಗೆ ಅಡ್ಡ ಬರುವುದಿಲ್ಲ. ಪ್ರವಾಸಿಗರ ಕ್ಯಾಮೆರಾಕ್ಕೂ ಸುಲಭವಾಗಿ ಸಿಗುವುದಿಲ್ಲ. ಈ ಕಾರಣದಿಂದಲೇ ಅವುಗಳ ಅಳಿವು ನಮ್ಮ ಗಮನಕ್ಕೆ ಬರುವುದೂ ಇಲ್ಲ.

ಸಹ್ಯಾದ್ರಿಯ ಹಳ್ಳಗಳ ವಿಶೇಷ ಯಾವುದೆಂದರೆ, ಇಲ್ಲಿನ ಜೀವಿಗಳಲ್ಲಿ ಬಹುಪಾಲು ಬೇರೆಲ್ಲಿಯೂ ಇಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2011ರಲ್ಲಿ ಪ್ರಕಟಿಸಿದ ವರದಿಗಾಗಿ ಪಶ್ಚಿಮ ಘಟ್ಟದ 290 ಜಾತಿಯ ಸಿಹಿನೀರಿನ ಮೀನುಗಳ ಸ್ಥಿತಿಗತಿಯನ್ನು ಪರಿಶೀಲಿಸಲಾಯಿತು. ಅರ್ಧಕ್ಕಿಂತ ಹೆಚ್ಚು ಜಾತಿಗಳು ಈ ಘಟ್ಟಕ್ಕೇ ಸೀಮಿತವಾದವು. ಸುಮಾರು ಮೂರನೆಯ ಒಂದು ಪಾಲು ಅಳಿವಿನ ಭೀತಿಯಲ್ಲಿವೆ ಎಂದು ಅದು ತಿಳಿಸಿತು. ಒಂದು ಕಣಿವೆಯ ಮೀನು ಮತ್ತೊಂದು ಕಣಿವೆಯಲ್ಲಿ ಇಲ್ಲದಿರಬಹುದು. ನಡುವಿನ ಗುಡ್ಡವನ್ನು ಅದು ಹತ್ತಿಳಿಯಲಾರದು. ಹೀಗಾಗಿ ಒಂದು ಹಳ್ಳದ ನಾಶವೆಂದರೆ ಕೆಲವೊಮ್ಮೆ ಒಂದು ಜಾತಿಯ ನಾಶವೇ ಆಗಬಹುದು.

ಈ ಜೀವಿಗಳ ಬದುಕಿನ ಕ್ರಮವನ್ನು ತಿಳಿದಷ್ಟೂ ವಿಸ್ಮಯ ಹೆಚ್ಚುತ್ತದೆ. ರಭಸದ ನೀರಿನಲ್ಲಿ ವಾಸಿಸುವ ಕೆಲವು ಪುಟ್ಟ ಮೀನುಗಳಿಗೆ ಎದೆಯ ಭಾಗದಲ್ಲಿ ಮಡಿಕೆಗಳಿಂದಾದ ಅಂಟುಪಟ್ಟಿಯಿದೆ. ಮತ್ತೆ ಕೆಲವು ತಮ್ಮ ಅಗಲವಾದ ಈಜುರೆಕ್ಕೆಗಳನ್ನೇ ಬಂಡೆಗೆ ಒತ್ತಿ ಹಿಡಿದು, ಮನುಷ್ಯನ ಕಾಲು ನಿಲ್ಲದ ಸೆಳವಿನಲ್ಲಿ ನಿಶ್ಚಿಂತವಾಗಿ ಪಾಚಿ ಮೇಯುತ್ತವೆ. ಕೊರವ ಮೀನು ತನ್ನ ಕೆಂಪು ಮರಿಗಳ ಗುಂಪನ್ನು ಕೋಳಿಯಂತೆ ಕಾಯುತ್ತದೆ. ನೆತ್ತಿಯ ಮೇಲೆ ಬಿಳಿಯ ಚುಕ್ಕೆಯೊಂದನ್ನು ಹೊತ್ತು ತೋಡಿನ ಅಂಚಿನಲ್ಲಿ ಸುಳಿದಾಡುವ ಬೆರಳುದ್ದದ ಮೀನನ್ನು ಮಕ್ಕಳೆಲ್ಲರೂ ಬಲ್ಲರು. ಅದು ಸೊಳ್ಳೆಯ ಮರಿಗಳನ್ನು ತಿಂದು ನಮ್ಮ ಆರೋಗ್ಯವನ್ನು ಕಾಯುತ್ತಿದೆ ಎಂಬುದನ್ನು ಹಿರಿಯರು ಮರೆತಿದ್ದಾರೆ. ದೊಡ್ಡ ಮಡುಗಳ ದೇವರಮೀನು ದಡದ ಮರಗಳಿಂದ ಉದುರುವ ಹಣ್ಣುಗಳನ್ನೂ ತಿಂದು ಬೆಳೆಯುತ್ತದೆ. ಹೊಳೆಯಂಚಿನ ಅತ್ತಿಮರಕ್ಕೂ ನೀರೊಳಗಿನ ಮೀನಿಗೂ ಇರುವ ಸಂಬಂಧ ಹೀಗೆ ನೇರವಾದದ್ದು.

ಕಪ್ಪೆಗಳ ಲೋಕ ಇನ್ನೂ ವೈವಿಧ್ಯಮಯ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು 1937ರಲ್ಲಿಯೇ ಮೂಡಿಗೆರೆ ಸಮೀಪದ ಕೊಟ್ಟಿಗೆಹಾರದ ಹೆಸರಿನಲ್ಲಿ ಒಂದು ಕಪ್ಪೆಯನ್ನು ವಿಜ್ಞಾನ ಲೋಕಕ್ಕೆ ಪರಿಚಯಿಸಿದರು. ಆ ಗುಂಪಿನ ಕಪ್ಪೆಗಳನ್ನು ಇಂದು ಕುಣಿಯುವ ಕಪ್ಪೆಗಳೆಂದು ಕರೆಯುತ್ತಾರೆ. ಝರಿಯ ಭೋರ್ಗರೆತದಲ್ಲಿ ಕೂಗು ಕೇಳಿಸದೆ ಹೋಗಬಹುದಾದ್ದರಿಂದ ಗಂಡು ಕಪ್ಪೆ ಬಂಡೆಯ ಮೇಲೆ ಕುಳಿತು ಹಿಂಗಾಲನ್ನು ಚಾಚಿ ಬೀಸಿ ಸಂಕೇತ ನೀಡುತ್ತದೆ. 2014ರಲ್ಲಿ ಉತ್ತರ ಕನ್ನಡದ ಕಾಡಿನಿಂದ ವರದಿಯಾದ ಮತ್ತೊಂದು ಕಪ್ಪೆಗೆ ವಿಜ್ಞಾನಿಗಳು ಕನ್ನಡದ್ದೇ ಆದ ‘ಕುಂಬಾರ’ ಎಂಬ ಹೆಸರಿಟ್ಟರು. ಗಂಡು ಕಪ್ಪೆ ಕೈಗಳಿಂದ ಕೆಸರನ್ನು ತಂದು ಮೊಟ್ಟೆಗಳ ಮೇಲೆ ಮೆತ್ತುವುದೇ ಆ ಹೆಸರಿಗೆ ಕಾರಣ. ಗುಂಡ್ಯದ ಹೆಸರನ್ನು ಹೊತ್ತ ಕಪ್ಪೆಯೂ ಜೋಗದ ಹೆಸರನ್ನು ಹೊತ್ತ ಕಪ್ಪೆಯೂ ಇವೆ. ಮಳೆಗಾಲದ ರಾತ್ರಿ ತೋಟದ ಪೊದೆಗಳಲ್ಲಿ ಟಿಕ್ ಟಿಕ್ ಎನ್ನುವ ಉಗುರುಗಾತ್ರದ ಪೊದೆಗಪ್ಪೆಗಳಲ್ಲಿ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಅದಕ್ಕೆ ಬೇಕಾದುದು ಕೆರೆಯಲ್ಲ. ಒದ್ದೆಯಾದ ಎಲೆ, ನೆರಳು ಮತ್ತು ತೇವ ಆರದ ಗಾಳಿ.

ಏಡಿಗಳ ಕಥೆಯೂ ಇದಕ್ಕೆ ಹತ್ತಿರದ್ದೇ. ಸಮುದ್ರದ ಏಡಿಯ ಮರಿಗಳು ನೀರಿನಲ್ಲಿ ದೂರ ದೂರ ತೇಲಿ ಹೋಗುತ್ತವೆ. ಘಟ್ಟದ ಏಡಿಯ ಮರಿಗಳಾದರೋ ಮೊಟ್ಟೆಯೊಳಗೇ ಪೂರ್ಣ ಬೆಳೆದು, ಹೊರಬಂದ ಮೇಲೂ ಕೆಲಕಾಲ ತಾಯಿಯ ಹೊಟ್ಟೆಯ ಮಡಿಕೆಗೆ ಅಂಟಿಕೊಂಡಿರುತ್ತವೆ. ಹುಟ್ಟಿದಲ್ಲಿಂದ ಅವು ಹೆಚ್ಚು ದೂರ ಹೋಗಲಾರವು. ಈ ಕಾರಣದಿಂದಲೇ ಘಟ್ಟದ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ಜಾತಿಯ ಏಡಿಗಳು ರೂಪುಗೊಂಡಿವೆ. ಯಲ್ಲಾಪುರದ ಕಡೆಯಿಂದ 2022ರಲ್ಲಿ ಎರಡು ಬಣ್ಣದ ಏಡಿಯೊಂದು ಹೊಸ ಜಾತಿಯೆಂದು ದಾಖಲಾಯಿತು. ಅದಕ್ಕೆ ‘ದ್ವಿವರ್ಣ’ ಎಂದು ಹೆಸರಿಡಲಾಯಿತು. ನಮ್ಮ ಊರಿನ ಮುರಕಲ್ಲಿನ ಬಿರುಕಿನಲ್ಲಿ ಇನ್ನೂ ಹೆಸರೇ ಇಲ್ಲದ ಜೀವಿಗಳು ಇರಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಈ ಏಡಿಗಳನ್ನೇ ಮುಖ್ಯವಾಗಿ ತಿಂದು ಬದುಕುವ ಪುಟ್ಟ ಉಗುರಿನ ನೀರುನಾಯಿ ಜಗತ್ತಿನ ನೀರುನಾಯಿಗಳಲ್ಲೇ ಅತ್ಯಂತ ಚಿಕ್ಕದು. ಏಡಿಯಿಲ್ಲದ ಹಳ್ಳದಲ್ಲಿ ಅದೂ ಇಲ್ಲ, ಮೀನುಗೂಬೆಯೂ ಇಲ್ಲ.

ಇಂತಹ ಹಳ್ಳಗಳಿಗೆ ಒದಗಿರುವ ಅಪಾಯಗಳಲ್ಲಿ ಮೊದಲನೆಯದು ವಿಷ. ಮಲೆನಾಡಿನಲ್ಲಿ ಮೀನು ಹಿಡಿಯುವುದು ಹೊಸದಲ್ಲ. ಅದನ್ನು ಈ ಪತ್ರಿಕೆ ವಿರೋಧಿಸುವುದೂ ಇಲ್ಲ. ಗಾಳ, ಬಲೆ, ಕೂಳಿಗಳಿಂದ ಹಿಡಿಯುವವನಿಗೆ ಹೊಳೆಯ ತಿಳಿವಳಿಕೆ ಬೇಕಾಗಿತ್ತು. ದೊಡ್ಡದು ಸಿಕ್ಕುತ್ತಿತ್ತು, ಚಿಕ್ಕದು ತಪ್ಪಿಸಿಕೊಳ್ಳುತ್ತಿತ್ತು. ಕಾರೆಕಾಯಿ ಜಜ್ಜಿ ನೀರಿಗೆ ಹಾಕುತ್ತಿದ್ದ ಹಳೆಯ ಪದ್ಧತಿಯೂ ವರ್ಷಕ್ಕೊಮ್ಮೆ ಯಾವುದೋ ಒಂದು ಮಡುವಿಗೆ ಸೀಮಿತವಾಗಿತ್ತು. ಬ್ಲೀಚಿಂಗ್ ಪುಡಿಯೂ ಕೀಟನಾಶಕವೂ ಹಾಗಲ್ಲ. ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುತ್ತದೆ. ಜೊತೆಗೆ ಮೊಟ್ಟೆ, ಮರಿ, ಗೊದಮೊಟ್ಟೆ, ಏಡಿ, ಸಿಗಡಿ, ಏರೋಪ್ಲೇನ್ ಚಿಟ್ಟೆಯ ಮರಿಹುಳು ಎಲ್ಲವನ್ನೂ ಕೊಲ್ಲುತ್ತದೆ. ಹಿಡಿದವನು ಬುಟ್ಟಿಗೆ ತುಂಬಿಕೊಳ್ಳುವುದು ಸತ್ತದ್ದರ ಅಲ್ಪ ಭಾಗವನ್ನು ಮಾತ್ರ. ಉಳಿದದ್ದು ತಳದಲ್ಲಿ ಕೊಳೆಯುತ್ತದೆ. ಅದೇ ನೀರನ್ನು ಕೆಳಗಿನ ಊರಿನ ದನಗಳು ಕುಡಿಯುತ್ತವೆ. ಅದೇ ಮೀನು ಮನೆಯ ಮಕ್ಕಳ ತಟ್ಟೆಗೆ ಬರುತ್ತದೆ. ಹೊಳೆಗೆ ಸಿಡಿಮದ್ದು ಎಸೆಯುವುದನ್ನೂ ವಿಷ ಹಾಕುವುದನ್ನೂ 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ಅಪರಾಧವೆಂದು ಸಾರಿತ್ತು. ಕಾನೂನು ಬಂದು ಒಂದೂಕಾಲು ಶತಮಾನ ಕಳೆದರೂ ಅಪರಾಧ ನಿಂತಿಲ್ಲವೆಂದರೆ, ಕಾನೂನಿನ ಕಣ್ಣು ಹಳ್ಳದವರೆಗೆ ತಲುಪುವುದಿಲ್ಲ ಎಂದೇ ಅರ್ಥ. ಅಲ್ಲಿ ಕಾಯಬೇಕಾದವರು ಊರಿನವರೇ.

ಎರಡನೆಯ ಅಪಾಯ ನಮ್ಮ ಅಂಗಳದಲ್ಲೇ ಇದೆ. ಅದನ್ನು ಹೇಳುವುದು ಅಪ್ರಿಯವಾದರೂ ಹೇಳದಿರಲಾಗದು. ಅಡಿಕೆಯ ಕೊಳೆರೋಗಕ್ಕೆ ಮಲೆನಾಡಿನ ರೈತರು ಬೋರ್ಡೋ ದ್ರಾವಣವನ್ನು ಹಲವು ತಲೆಮಾರುಗಳಿಂದ ಸಿಂಪಡಿಸುತ್ತ ಬಂದಿದ್ದಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಎಲ್ಲರ ಬಾಯಲ್ಲಿದೆ. ಬೆಳೆ ಉಳಿಸಿಕೊಳ್ಳಲು ಇದು ಬೇಕು ಎಂಬುದರಲ್ಲಿ ವಿವಾದವಿಲ್ಲ. ಆದರೆ ತಾಮ್ರವು ಮೀನು, ಗೊದಮೊಟ್ಟೆ, ನೀರಿನ ಕೀಟಗಳಿಗೆ ಅತಿ ಅಲ್ಪ ಪ್ರಮಾಣದಲ್ಲಿಯೂ ಮಾರಕ. ಸುಣ್ಣದ ಅಂಶ ಕಡಿಮೆಯಿರುವ ಮೆದು ನೀರಿನಲ್ಲಿ ಅದರ ವಿಷ ಮತ್ತಷ್ಟು ತೀವ್ರ; ಘಟ್ಟದ ಹಳ್ಳಗಳ ನೀರು ಅಂಥದ್ದೇ. ಸಿಂಪಡಿಸಿ ಉಳಿದ ದ್ರಾವಣವನ್ನು ತೋಡಿಗೆ ಸುರಿಯುವುದು, ಡ್ರಮ್ಮು ಪಂಪುಗಳನ್ನು ಹಳ್ಳದಲ್ಲಿ ತೊಳೆಯುವುದು, ಮೈಲುತುತ್ತದ ಚೀಲವನ್ನು ನೀರಿಗೆ ಬಿಸಾಡುವುದು ಇವು ಬೆಳೆ ರಕ್ಷಣೆಯ ಭಾಗವಲ್ಲ. ತೋಟದ ಮೂಲೆಯಲ್ಲಿ, ತೋಡಿನಿಂದ ದೂರದಲ್ಲಿ ಒಂದು ಹೊಂಡ ತೆಗೆದು ಅಲ್ಲಿಯೇ ತೊಳೆದರೆ ರೈತನಿಗೆ ಆಗುವ ಖರ್ಚು ಅರ್ಧ ದಿನದ ಕೆಲಸ. ಹಳ್ಳಕ್ಕೆ ಆಗುವ ಉಪಕಾರ ಅಪಾರ.

ತೋಟಕ್ಕೆ ಸಂಬಂಧಿಸಿದ ಇನ್ನೊಂದು ಮಾತು ನೀರಿನದು. ತೋಟಗಳು ಕಣಿವೆಯ ತಗ್ಗನ್ನು ಬಿಟ್ಟು ಗದ್ದೆಗೂ ಗುಡ್ಡದ ಇಳಿಜಾರಿಗೂ ಹಬ್ಬಿದಂತೆ ಹಳ್ಳದ ಮಡುಗಳಿಗೆ ಇಳಿಬಿಟ್ಟ ಪಂಪುಗಳ ಸಂಖ್ಯೆಯೂ ಏರಿದೆ. ಮಡುವಿನ ತಳದ ಕೊನೆಯ ನೀರನ್ನು ಎಳೆದುಕೊಂಡಾಗ ತೋಟಕ್ಕೆ ಒಂದು ದಿನದ ತೇವ ಸಿಕ್ಕೀತು. ಹಳ್ಳಕ್ಕೆ ಮಾತ್ರ ಮುಂದಿನ ವರ್ಷದ ಸಂತಾನವೇ ಇಲ್ಲವಾಗುತ್ತದೆ. ಹಿಂದಿನವರು ಮಳೆ ನಿಂತ ಮೇಲೆ ಕಲ್ಲು, ಮಣ್ಣು, ಸೊಪ್ಪುಗಳಿಂದ ಕಟ್ಟ ಹಾಕುತ್ತಿದ್ದರು. ಮುಂಗಾರಿನ ಮೊದಲ ನೆರೆ ಅದನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಮೀನಿಗೆ ದಾರಿ ತೆರೆಯುತ್ತಿತ್ತು. ಕಾಂಕ್ರೀಟಿನ ಕಿಂಡಿ ಅಣೆಕಟ್ಟು ಹಾಗೆ ತಾನಾಗಿ ದಾರಿ ಬಿಡದು. ಹಲಗೆಗಳನ್ನು ಮಳೆಗೆ ಮುನ್ನ ತೆಗೆಯುವ ಹೊಣೆಯನ್ನು ಯಾರಾದರೂ ಹೊರಬೇಕು. ಹಲವು ಕಡೆ ಅದು ಯಾರ ಹೊಣೆಯೂ ಆಗಿ ಉಳಿದಿಲ್ಲ.

ಮೀನಿಗೆ ಮಳೆಗಾಲದ ದಾರಿ ಏಕೆ ಬೇಕು ಎಂಬುದನ್ನು ಮಲೆನಾಡಿಗರಿಗೆ ವಿವರಿಸಬೇಕಿಲ್ಲ. ಮುಂಗಾರಿನ ಮೊದಲ ಕೆಂಪು ನೀರಿಗೆ ಮೀನುಗಳು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಏರುತ್ತವೆ. ಹತ್ತುಮೀನಿನ ಸಂಭ್ರಮವೆಂದರೆ ಅದೇ. ಅವು ಏರುವುದು ಮೊಟ್ಟೆಯಿಡಲು. ಗದ್ದೆಯ ತೆಳುವಾದ ಬೆಚ್ಚಗಿನ ನೀರು, ಹಳ್ಳದ ಮೇಲ್ಭಾಗದ ಜಲ್ಲಿಕಲ್ಲಿನ ತಳ ಇವು ಮರಿಗಳ ತೊಟ್ಟಿಲು. ಈ ಏರುದಾರಿಯನ್ನು ತಿಳಿದವರಿಗೆ ‘ಮಳೆಗಾಲದ ಹೆಚ್ಚುವರಿ ನೀರು’ ಎಂಬ ಮಾತು ಎಷ್ಟು ಟೊಳ್ಳೆಂಬುದು ಅರ್ಥವಾಗುತ್ತದೆ. ಸಕಲೇಶಪುರದ ಕಾಡಿನ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ಮಳೆಗಾಲದ ನೀರನ್ನು ಹೆಚ್ಚುವರಿ ಎಂದೇ ಕರೆದು ಪೂರ್ವಕ್ಕೆ ತಿರುಗಿಸುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ನೀಡಲಾಯಿತು. ಬಯಲುಸೀಮೆಯ ಜನರ ಬಾಯಾರಿಕೆ ನಿಜ. ಅದನ್ನು ಹಗುರಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಯೋಜನೆಯ ಲೆಕ್ಕದಲ್ಲಿ ಹಳ್ಳದ ನೆರೆ ‘ವ್ಯರ್ಥ’ವೆಂದು ಬರೆಯುವಾಗ, ಆ ನೆರೆಯನ್ನೇ ಕಾದು ಕುಳಿತ ಜೀವಿಗಳನ್ನು ಯಾವ ಅಂಕಣದಲ್ಲೂ ಬರೆದಿರಲಿಲ್ಲ.

ಕಿರು ಜಲವಿದ್ಯುತ್ ಯೋಜನೆಗಳ ವಿಷಯದಲ್ಲೂ ಇದೇ ಲೋಪ. 2006ರ ಪರಿಸರ ಪರಿಣಾಮ ಅಧಿಸೂಚನೆ 25 ಮೆಗಾವಾಟಿಗಿಂತ ಕಡಿಮೆ ಸಾಮರ್ಥ್ಯದ ಜಲವಿದ್ಯುತ್ ಯೋಜನೆಗಳನ್ನು ಪರಿಸರ ಅನುಮತಿಯಿಂದ ಹೊರಗಿಟ್ಟಿತು. ‘ಕಿರು’ ಎಂಬ ಶಬ್ದ ಯಂತ್ರದ ಗಾತ್ರಕ್ಕೆ ಅನ್ವಯಿಸುತ್ತದೆಯೇ ಹೊರತು ಹಾನಿಯ ಗಾತ್ರಕ್ಕಲ್ಲ. ಒಡ್ಡಿನಿಂದ ವಿದ್ಯುದಾಗಾರದವರೆಗೆ ನೀರು ಕೊಳವೆಯೊಳಗೆ ಹೋದರೆ ನಡುವಿನ ಹೊಳೆ ಒಣಗುತ್ತದೆ. ಉಳಿದ ಅಷ್ಟಿಷ್ಟು ನೀರು ಬಿಸಿಯಾಗುತ್ತದೆ. ಬಿಸಿನೀರಿನಲ್ಲಿ ಪ್ರಾಣವಾಯು ಕಡಿಮೆ. ರಭಸದ ನೀರಿಗೆ ಒಗ್ಗಿದ ಮೀನುಗಳು ಅಲ್ಲಿ ಬದುಕಲಾರವು. ಒಂದೇ ಹೊಳೆಗೆ ಇಂತಹ ನಾಲ್ಕಾರು ಯೋಜನೆಗಳು ಸಾಲಾಗಿ ಬಂದರೆ ಹೊಳೆಯೆಂಬುದು ತುಂಡು ತುಂಡಾದ ಗುಂಡಿಗಳ ಸರಣಿಯಷ್ಟೇ ಆಗುತ್ತದೆ.

ಇನ್ನೊಂದು ಅಪಾಯವನ್ನು ಸಂಕ್ಷೇಪವಾಗಿ ಹೇಳಬೇಕು. ಮೀನಿನ ಕೊರತೆಗೆ ಮೀನು ತಂದು ಬಿಡುವುದೇ ಪರಿಹಾರವೆಂಬ ನಂಬಿಕೆ ಎಲ್ಲೆಡೆ ಇದೆ. ಆಫ್ರಿಕದ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರಕಾರ 2000ದಲ್ಲಿಯೇ ನಿಷೇಧಿಸಿದ್ದರೂ ಅದು ಕಳ್ಳದಾರಿಯಲ್ಲಿ ಕೆರೆಗಳನ್ನು ಸೇರುತ್ತಲೇ ಬಂದಿದೆ. ಕೆರೆ ಕೋಡಿ ಬಿದ್ದರೆ ಅದು ಹಳ್ಳಕ್ಕೆ ಇಳಿಯುತ್ತದೆ, ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ತಿಲಾಪಿಯಾ, ಸೊಳ್ಳೆ ನಿವಾರಣೆಗೆಂದು ಬಿಡುವ ಗಂಬೂಸಿಯಾ ಮೀನುಗಳೂ ಊರಿನ ಮೀನಿನ ಮರಿಗಳಿಗೆ, ಕಪ್ಪೆಯ ಮೊಟ್ಟೆಗಳಿಗೆ ಕಂಟಕವೇ. ಮನೆಯ ಗಾಜಿನ ತೊಟ್ಟಿಯ ಮೀನು ಬೇಡವಾದಾಗ ಕನಿಕರದಿಂದ ಹಳ್ಳಕ್ಕೆ ಬಿಡುವವರಿದ್ದಾರೆ. ಅದು ಹಳ್ಳದ ಮೇಲಿನ ಕನಿಕರವಲ್ಲ.

ಹಾಗಾದರೆ ದಾರಿ ಏನು? ದಾರಿ ನಮ್ಮ ಪರಂಪರೆಯಲ್ಲಿಯೇ ಇದೆ. ಶೃಂಗೇರಿಯಲ್ಲಿ ತುಂಗೆಯ ಮಡು, ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆ, ಕಾವೇರಿಯ ದಡದ ರಾಮನಾಥಪುರ, ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲೆಯ ಮತ್ಸ್ಯತೀರ್ಥ ಇವೆಲ್ಲ ಬಲೆ ಬೀಳದ ನೀರುಗಳು. ಅಲ್ಲಿ ಸರಕಾರದ ಕಾವಲಿಗಿಂತ ಮೊದಲು ಜನರ ನಂಬಿಕೆಯ ಕಾವಲಿತ್ತು. ಆದರೆ ಶಿಶಿಲದಲ್ಲಿ 1996ರಲ್ಲಿ ದುಷ್ಕರ್ಮಿಗಳು ನೀರಿಗೆ ವಿಷ ಬೆರೆಸಿ ಸಾವಿರಾರು ದೇವರಮೀನುಗಳನ್ನು ಕೊಂದರು. ಸತ್ತ ಮೀನುಗಳ ನೆನಪಿಗೆ ಊರಿನವರು ಅಲ್ಲಿ ಸ್ಮಾರಕವನ್ನು ಕಟ್ಟಿದರು. ಆ ಮಡುವಿನಲ್ಲಿ ಮತ್ತೆ ಮೀನುಗಳು ತುಂಬಿದವು. ಈ ಘಟನೆಯಲ್ಲಿ ಎರಡು ಪಾಠಗಳಿವೆ. ದೇವರ ಹೆಸರೊಂದೇ ಕಾವಲಾಗಲಾರದು, ಎಚ್ಚರವಿರುವ ಜನ ಬೇಕು ಎಂಬುದು ಒಂದು. ಮೇಲಿನ, ಕೆಳಗಿನ ಹೊಳೆ ಜೀವಂತವಾಗಿದ್ದರೆ ಸತ್ತ ಮಡುವೂ ಮರಳಿ ತುಂಬೀತು ಎಂಬುದು ಮತ್ತೊಂದು. ಮೇಲೂ ಕೆಳಗೂ ವಿಷವುಂಡ ಹಳ್ಳಗಳಿಗೆ ಆ ಭಾಗ್ಯವಿಲ್ಲ.

ಜನರ ಒತ್ತಾಯಕ್ಕೆ ಫಲವಿಲ್ಲ ಎನ್ನುವವರು ಕುದುರೆಮುಖವನ್ನು ನೆನೆಯಬೇಕು. ಭದ್ರೆಯ ಮೂಲದಲ್ಲಿ ದಶಕಗಳ ಕಾಲ ನಡೆದ ಗಣಿಗಾರಿಕೆ ಹೊಳೆಗೆ ಹೂಳು ತುಂಬುತ್ತಿತ್ತು. ಹೂಳು ಮೀನು ಮೊಟ್ಟೆಯಿಡುವ ಜಲ್ಲಿಕಲ್ಲಿನ ಸಂದುಗಳನ್ನು ಮುಚ್ಚುತ್ತದೆ. 2002ರ ಸುಪ್ರೀಂ ಕೋರ್ಟಿನ ತೀರ್ಪಿನ ಫಲವಾಗಿ 2005ರ ಕೊನೆಗೆ ಗಣಿಗಾರಿಕೆ ನಿಂತಿತು. 2011ರಲ್ಲಿ ಅಘನಾಶಿನಿ, ಬೇಡ್ತಿ ಕಣಿವೆಗಳು ಸಂರಕ್ಷಣಾ ಮೀಸಲು ಪ್ರದೇಶಗಳಾದವು. 2015ರಲ್ಲಿ ತುಂಗಭದ್ರೆಯ 34 ಕಿಲೋಮೀಟರ್ ಹರಿವು ನೀರುನಾಯಿಗಳಿಗಾಗಿಯೇ ಮೀಸಲಾಯಿತು. ದೊಡ್ಡ ಹೊಳೆಗೆ ಸಾಧ್ಯವಾದದ್ದು ಊರಿನ ಹಳ್ಳಕ್ಕೆ ಅಸಾಧ್ಯವಲ್ಲ.

ಆದುದರಿಂದ ನಮ್ಮ ಕೋರಿಕೆ ಇಷ್ಟೆ. ಪ್ರತಿ ಗ್ರಾಮವೂ ತನ್ನ ವ್ಯಾಪ್ತಿಯ ಹಳ್ಳದಲ್ಲಿ ಬೇಸಿಗೆಯಲ್ಲೂ ಬತ್ತದ ಒಂದು ಮಡುವನ್ನಾದರೂ ಅಭಯ ಮಡುವೆಂದು ಗೊತ್ತುಮಾಡಲಿ. ಅಲ್ಲಿ ಬಲೆ ಬೇಡ, ಪಂಪು ಬೇಡ, ದಡದ ಮರಕ್ಕೆ ಕತ್ತಿ ಬೇಡ. ಈ ನಿರ್ಣಯ ಗ್ರಾಮಸಭೆಯ ಪುಸ್ತಕದಲ್ಲಿ ದಾಖಲಾಗಲಿ. 2002ರ ಜೀವವೈವಿಧ್ಯ ಕಾಯಿದೆಯಡಿ ಪ್ರತಿ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಹೆಚ್ಚಿನ ಕಡೆ ಈ ಸಮಿತಿ ಕಾಗದದ ಮೇಲಿದೆ. ಅದನ್ನು ಕಾಗದದಿಂದ ಹಳ್ಳದ ದಂಡೆಗೆ ಇಳಿಸುವುದು ನಮ್ಮ ಕೈಯಲ್ಲಿದೆ. ವಿಷ ಹಾಕುವವರು ಹೊರಗಿನವರೇ ಆಗಿರಬೇಕೆಂದಿಲ್ಲ. ನೆರೆಮನೆಯವರ ಮುಖ ನೋಡಿ ಸುಮ್ಮನಿರುವ ದಾಕ್ಷಿಣ್ಯವನ್ನು ಬಿಟ್ಟು ಊರಿನ ಹಿರಿಯರು ಒಮ್ಮೆ ಗಟ್ಟಿಯಾಗಿ ಬೇಡವೆಂದರೆ ಅರ್ಧ ಕೆಲಸ ಆದಂತೆಯೇ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿಶೇಷ ಮಾತು. ನಿಮ್ಮ ಅಜ್ಜಿ, ಅಜ್ಜ, ಹಳ್ಳದ ದಂಡೆಯ ಹಿರಿಯರನ್ನು ಕೇಳಿ ಊರಿನ ಮೀನು, ಕಪ್ಪೆ, ಏಡಿಗಳ ಹೆಸರುಗಳನ್ನು ಬರೆದಿಡಿ. ಒಂದೇ ಮೀನಿಗೆ ಘಟ್ಟದ ಮೇಲೊಂದು, ಕೆಳಗೊಂದು ಹೆಸರಿರುತ್ತದೆ, ಎರಡನ್ನೂ ಬರೆಯಿರಿ. ಯಾವುದು ಈಗಲೂ ಇದೆ, ಯಾವುದು ಎಷ್ಟು ವರ್ಷಗಳಿಂದ ಕಾಣುತ್ತಿಲ್ಲ ಎಂಬುದನ್ನು ಗುರುತಿಸಿ. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ಕೋಲು ಇಳಿಸಿ ಮಡುವಿನ ಆಳ ಅಳೆಯಿರಿ. ಮೊದಲ ಮಳೆಯ ದಿನ, ಮೀನು ಏರಿದ ದಿನ, ಮೊದಲ ಕಪ್ಪೆ ಕೂಗಿದ ರಾತ್ರಿ ಇವನ್ನು ದಿನಾಂಕ ಸಹಿತ ದಾಖಲಿಸಿ. ಇದಕ್ಕೆ ಉಪಕರಣ ಬೇಡ, ಅನುದಾನ ಬೇಡ; ಒಂದು ನೋಟ್‌ಬುಕ್ ಸಾಕು. ನಾಳೆ ಯಾವುದೇ ಯೋಜನೆಯ ಅಧಿಕಾರಿಗಳು ಬಂದು ಈ ಹಳ್ಳದಲ್ಲಿ ಏನೂ ಇಲ್ಲವೆಂದು ಬರೆದುಕೊಂಡು ಹೊರಟರೆ, ಇದೆ ಎಂದು ತೋರಿಸಲು ನಿಮ್ಮ ಆ ನೋಟ್‌ಬುಕ್ಕೇ ಊರಿನ ದಾಖಲೆಯಾಗುತ್ತದೆ.

ಮುಂಗಾರಿಗೆ ಇನ್ನು ಕೆಲವೇ ವಾರಗಳಿವೆ. ಅಷ್ಟು ದಿನ ಮಡುಗಳನ್ನು ಕಾದುಕೊಂಡರೆ ಉಳಿದದ್ದನ್ನು ಮಳೆ ನೋಡಿಕೊಳ್ಳುತ್ತದೆ. ಈ ಕೆಲಸಕ್ಕೆ ಮುಂದಾಗುವ ಊರುಗಳು, ಶಾಲೆಗಳು ನಮಗೆ ಬರೆದು ತಿಳಿಸಲಿ. ಮುಂದಿನ ಸಂಚಿಕೆಯಲ್ಲಿ ಅಭಯ ಮಡುಗಳ ಪಟ್ಟಿಯನ್ನು ಪ್ರಕಟಿಸುವ ಸಂತೋಷ ನಮ್ಮದಾಗಲಿ.